ಕಾಕಾ ಪ್ರಾರ್ಥನೆ ನಿಲ್ಲಿಸಿದ್ದು

ಹೋದ ತಿಂಗಳು ಕಾಕಾನಿಗೆ ಮಣ್ಣು ಕೊಟ್ಟು ಬಂದೆವು. ಚರ್ಚಿನ ಅಯ್ಯನೋರು ತಮ್ಮ ಪ್ರಾರ್ಥನೆ ಮುಗಿಸಿ, "ಇವರ ಬಗ್ಗೆ ಯಾರಾದರೂ ನಾಲ್ಕು ಮಾತು ಆಡೋರಿದ್ದರೆ ಮುಂದೆ ಬರ್ರಿ" ಅಂದರು. ಕಾಕಾನ ಮಗಳು ನನ್ನ ಮುಖ ನೋಡಿದಳು. ಮಷಿನಿನ ಸದ್ದಿನ ಮೇಲೆ ಒದರಿ ಒದರಿ ಗಂಟಲು ಹರಕೊಂಡವನು ನಾನು, ಅಲ್ಲಿ ಮೂಕನ ಹಾಗೆ ನಿಂತುಬಿಟ್ಟೆ. ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದೆ. ಅವತ್ತು ಬಾಯಿಗೆ ಬಾರದ ಮಾತು ಈಗ ಬರೆಯುತ್ತಿದ್ದೀನಿ.

ಹೆಸರು ಬೇಡ. ಕಾಂದಿವಲಿಯ ಆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಬೀದರ್ ಕಡೆಯವರು, ಹುಟ್ಟಿನಿಂದ ಕ್ರಿಸ್ತಾನರು. ನಮಗೆಲ್ಲ ಕಾಕಾ. ಮಾಲಿಕ ಸೇಠನಿಗೂ ಕಾಕಾ, ಚಹಾ ತರುವವನಿಗೂ ಕಾಕಾ. ಎತ್ತರದ ಆಳು, ಕಿವಿಯ ಹತ್ತಿರ ಬೆಳ್ಳಗಾದ ಕೂದಲು, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ. ಗಾಳಾಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಬರುವವರನ್ನು ಎಲ್ಲಾದರೂ ನೋಡಿದ್ದೀರಾ? ಗಾಳಾ ಅಂದರೆ ಈ ಮುಂಬಯಿಯಲ್ಲಿ ಸಣ್ಣ ಕಾರಖಾನೆ ನಡೆಸುವ ಖೋಲಿ: ತಗಡಿನ ಮಾಡು, ಒಂದೇ ಬಾಗಿಲು, ಒಳಗೆಲ್ಲ ಎಣ್ಣೆಯ ಕಮಟು. ನಮ್ಮ ಗಾಳಾದಲ್ಲಿ ಪವರ್ ಪ್ರೆಸ್‌ಗಳು ಸಾಲಾಗಿ ನಿಂತಿದ್ದವು. ಸ್ಟೀಲ್ ಪತ್ರಾ, ಅಂದರೆ ತೆಳು ತಗಡಿನಿಂದ ಡಬ್ಬಿಯ ಮುಚ್ಚಳ ಹೊಡೆಯುವ ಕೆಲಸ. ಕೆಳಗೆ ಡಾಯಿ, ಅಂದರೆ ಮುಚ್ಚಳದ ಅಚ್ಚು. ಮೇಲಿಂದ ಆನೆಕಾಲಿನಂಥ ಕಬ್ಬಿಣ ಇಳಿದು ಬಡಿಯುತ್ತದೆ. ನಡುವೆ ಪತ್ರಾ ಇದ್ದರೆ ಮುಚ್ಚಳ ಆಗುತ್ತದೆ. ಕೈ ಇದ್ದರೆ ಏನಾಗುತ್ತದೆ ಅನ್ನುವುದು ಕಾಕಾನ ಬಲಗೈ ನೋಡಿದರೆ ಗೊತ್ತಾಗುತ್ತಿತ್ತು. ಅದರಲ್ಲಿ ಹೆಬ್ಬೆರಳೊಂದೇ ಉಳಿದಿತ್ತು.

ಅದು ನಾನು ಮುಂಬಯಿಗೆ ಬರುವ ಮೊದಲಿನ ಮಾತು. ಆಗ ಪ್ರೆಸ್ಸನ್ನು ಕಾಲಿನ ಪೆಡಲ್ ಒತ್ತಿ ನಡೆಸುತ್ತಿದ್ದರಂತೆ. ಕಾಕಾನ ಬೆರಳು ಹೋದ ಮೇಲೆ ಸೇಠ ಹೆದರಿ ಎಲ್ಲ ಮಷಿನಿಗೂ ಎರಡೆರಡು ಗುಂಡಿ ಕೂಡಿಸಿದ, ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಮ್ಮೆಲೆ ಒತ್ತಿದರೆ ಮಾತ್ರ ಕಬ್ಬಿಣ ಇಳಿಯಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಡಾಯಿಯೊಳಗೆ ಇರುವುದಕ್ಕೆ ಮೂರನೆಯ ಕೈ ಎಲ್ಲಿಂದ ಬರಬೇಕು? ಅಷ್ಟೇ ಉಪಾಯ. ಕಾಕಾನನ್ನು ಸೇಠ ಮನೆಗೆ ಕಳಿಸಲಿಲ್ಲ, ಡಾಯಿ ಕೂಡಿಸುವ ಸೆಟ್ಟರ್ ಮಾಡಿದ. ಆ ಒಂದು ವಿಷಯದಲ್ಲಿ ಅವನನ್ನು ಬೈಯಲಾರೆ.

ಬೆಳಗ್ಗೆ ಮೇನ್ ಸ್ವಿಚ್ ಹಾಕುವ ಮೊದಲು ಕಾಕಾ ಟಿಫಿನ್ ಚೀಲ ಮೊಳೆಗೆ ಸಿಗಿಸಿ, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಒಂದೊಂದೇ ಪ್ರೆಸ್ಸಿನ ಮುಂದೆ ಹೋಗಿ ಆ ಬಲಗೈ ಅದರ ಮೇಲಿಡುತ್ತಿದ್ದರು. ಕಣ್ಣು ಮುಚ್ಚುತ್ತಿದ್ದರು.

"ಕರ್ತನೇ, ಇಲ್ಲಿ ಕೂಡೋ ಮಗನ ಕೈ ಕಾಯಿ. ಮುಂಜಾನಿ ಹ್ಯಾಂಗ ಬಂದಾನೋ ಸಂಜಿಗಿ ಹಂಗೇ ಮನಿಗಿ ಕಳಿಸು. ಆಮೆನ್."

ಮೊದಮೊದಲು ನಾವು ನಗುತ್ತಿದ್ದೆವು. ಆಮೇಲೆ ಅವರು ಮುಗಿಸುವ ತನಕ ಬೀಡಿ ಆರಿಸಿ ನಿಲ್ಲುವುದು ರೂಢಿಯಾಯಿತು. ಅವರು ಬರುವುದು ತಡವಾದರೆ ಯಾರೂ ಮಷಿನ್ ಮುಟ್ಟುತ್ತಿರಲಿಲ್ಲ. ಅಷ್ಟು ವರ್ಷ ಯಾರ ಉಗುರಿಗೂ ಏನೂ ಆಗಿರಲಿಲ್ಲ, ಅದೂ ನಿಜ. ಹೊಸ ಪ್ರೆಸ್ ಬಂದಾಗ ಸೇಠ ತೆಂಗಿನಕಾಯಿ ಒಡೆದ ಕೈಯಲ್ಲೇ, "ಕಾಕಾ, ಆಪ್ ಭೀ ಹಾಥ್ ರಖೋ" ಅಂತ, ನೀವೂ ಕೈ ಇಡಿ ಅಂತ, ಕೇಳಿಕೊಂಡಿದ್ದ.

ನಾನು ವಿಜಯಪುರ ಕಡೆಯ ಮುಸಲ್ಮಾನ. ಹೆಸರು ಲಾಲಸಾಬ, ಕಾಕಾನ ಬಾಯಲ್ಲಿ ಲಾಲ್ಯಾ. ಅವರು ನನ್ನನ್ನು ತಮ್ಮ ದೇವರ ಕಡೆ ಎಳೆದವರಲ್ಲ, ನಾನು ಹೋದವನೂ ಅಲ್ಲ. ಶುಕ್ರವಾರ ಮಧ್ಯಾಹ್ನ ನಾನು ಮೈಗಳ್ಳತನ ಮಾಡುತ್ತ ಕೂತರೆ, "ಏಳೋ, ಅಲ್ಲಿ ನಿನ್ನ ದಾರಿ ಕಾಯ್ಲಕತ್ತಾರ, ಇಲ್ಲಿ ಬೀಡಿ ಸೇದ್ಕೋತ ಕುಂತಿ" ಅಂತ ಎಬ್ಬಿಸಿ ನಮಾಜಿಗೆ ಅಟ್ಟುತ್ತಿದ್ದವರು ಅವರೇ. ನನ್ನ ಪಕ್ಕದ ಪ್ರೆಸ್ಸಿನಲ್ಲಿ ಶರಣಪ್ಪ ಅಂತ ಯಾದಗಿರಿಯವನು. ಬಾಯಿಬಡುಕ. ಊರಲ್ಲಿ ಹೆಂಡತಿ, ಎದೆಯುದ್ದ ಬೆಳೆದ ಮಗಳು. ಅವನಿದ್ದರೆ ಆ ಎಣ್ಣೆ ನಾತದಲ್ಲೂ ದಿನ ಸರಿಯುತ್ತಿತ್ತು.

ಈಗ ಕೆಟ್ಟ ಭಾಗ ಹೇಳುತ್ತೀನಿ. ನಮಗೆ ಮುಚ್ಚಳದ ಲೆಕ್ಕದ ಮೇಲೆ ಕೂಲಿ. ಎರಡೂ ಕೈ ಗುಂಡಿಗೆ ಕೊಟ್ಟರೆ ಪತ್ರಾ ಹಿಡಿಯುವವರು ಯಾರು? ಇಟ್ಟು, ಕೈ ತೆಗೆದು, ಒತ್ತಿ, ಮತ್ತೆ ತೆಗೆದು, ಹೀಗೆ ಮಾಡುತ್ತ ಕೂತರೆ ಕೆಲಸ ಸಾಗುವುದಿಲ್ಲ. ಶರಣಪ್ಪ ಒಂದು ದಾರಿ ಹುಡುಕಿದ. ಸೈಕಲ್ ಟ್ಯೂಬಿನ ರಬ್ಬರ್ ಪಟ್ಟಿ ಕತ್ತರಿಸಿ ಎಡಗಡೆ ಗುಂಡಿಯನ್ನು ಒತ್ತಿದ ಹಾಗೆಯೇ ಬಿಗಿದು ಕಟ್ಟಿಬಿಡುವುದು. ಆಮೇಲೆ ಬಲಗೈ ಒಂದರಿಂದಲೇ ಮಷಿನ್ ನಡೆಯುತ್ತದೆ. ಎಡಗೈ ಪತ್ರಾ ತಳ್ಳಲಿಕ್ಕೆ ಖಾಲಿ.

"ಹುಚ್ಚನೇನೋ, ಕೈ ಹೋದ್ರ?" ಅಂದೆ ನಾನು.

"ಮುಂಜಾನಿ ಕಾಕಾ ಪ್ರಾರ್ಥನಾ ಮಾಡ್ಯಾರಲ್ಲ. ಏನಾಗ್ತದ?" ಅಂದ ಶರಣಪ್ಪ.

ಒಂದು ವಾರದೊಳಗೆ ಎಲ್ಲ ಮಷಿನಿಗೂ ರಬ್ಬರ್ ಬಂತು. ಕಾಕಾ ಪ್ರಾರ್ಥನೆ ಮುಗಿಸಿ ಒಳಗಿನ ಮೇಜಿಗೆ ಹೋದ ಕೂಡಲೆ ಕಟ್ಟುವುದು, ಡಾಯಿ ಬದಲಿಸಲಿಕ್ಕೆ ಬರುವಾಗ ಬಿಚ್ಚಿ ಕಿಸೆಗೆ ಹಾಕುವುದು. ಸೇಠನಿಗೆ ಗೊತ್ತಿತ್ತು. ಮುಚ್ಚಳ ಜಾಸ್ತಿ ಬೀಳುತ್ತಿದ್ದವು, ಅವನು ಯಾಕೆ ಬಾಯಿ ಬಿಟ್ಟಾನು?

ಒಂದು ಮಧ್ಯಾಹ್ನ ಬಿಚ್ಚುವುದು ಮರೆತೆ. ಕಾಕಾ ಡಾಯಿಯ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಬಂದವರು ನನ್ನ ಗುಂಡಿ ನೋಡಿದರು.

"ಇದೇನೋ ಲಾಲ್ಯಾ?"

ನಾನು ಹಲ್ಲು ಕಿರಿದೆ. "ಏನಾಗ್ತೈತಿ ಬಿಡ್ರಿ ಕಾಕಾ, ನೀವು ಪ್ರಾರ್ಥನಾ ಮಾಡೀರಲ್ಲ."

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸಾಲಾಗಿ ಎಲ್ಲ ಮಷಿನಿನ ಕಡೆ ಕಣ್ಣು ಹಾಯಿಸಿದರು, ಒಂದೊಂದರಲ್ಲೂ ಕರಿ ರಬ್ಬರ್ ಕಂಡಿತು. ಡಾಯಿ ಬದಲಿಸದೆ ಒಳಗೆ ಹೋಗಿ ಕೂತರು.

ಮರುದಿನ ಬೆಳಗ್ಗೆ ಬಂದರು, ಚೀಲ ಮೊಳೆಗೆ ಸಿಗಿಸಿದರು, ಚಪ್ಪಲಿ ಬಿಡಲಿಲ್ಲ. ಸೀದಾ ಮೇಜಿಗೆ ಹೋದರು. ನಾವು ಬೀಡಿ ಆರಿಸಿ ನಿಂತೇ ಇದ್ದೆವು.

"ಕಾಕಾ, ಪ್ರಾರ್ಥನಾ?" ಅಂದ ಶರಣಪ್ಪ.

"ಇವತ್ತ ಇಲ್ಲ."

"ನಾಳಿ?"

"ನಾಳಿನೂ ಇಲ್ಲ. ನಿಮ್ಮ ಕೈ ಉಳೀಲಿ ಅಂತ ನಾ ಕೇಳ್ಕೋತಿದ್ದೆ. ನೀವು ನನ್ನ ಪ್ರಾರ್ಥನಾ ನಂಬಿ ಕೈ ಒಳಗ ಹಾಕ್ಲಕತ್ತೀರಿ. ನಾ ಕಾಯ್ಲಕತ್ತಿಲ್ಲೋ, ಕೊಲ್ಲಕತ್ತೀನಿ."

ಆವತ್ತು ಗಾಳಾದಲ್ಲಿ ಇದ್ದ ಭಯ ಹೇಗೆ ಹೇಳಲಿ? ಅದೇ ಮಷಿನ್, ಅದೇ ಡಾಯಿ. ಆದರೆ ಪ್ರತಿ ಏಟಿಗೂ ಎದೆ ಧಸಕ್ ಅನ್ನುತ್ತಿತ್ತು. ಅಷ್ಟಾದರೂ ರಬ್ಬರ್ ಬಿಚ್ಚಲಿಲ್ಲ ನೋಡ್ರಿ ನಾವು! ನನ್ನ ಲಗ್ನ ಗೊತ್ತಾಗಿತ್ತು, ರಂಜಾನ್ ಮುಗಿದ ಮೇಲೆ ನಿಖಾ. ಖರ್ಚು ತಲೆಮೇಲಿತ್ತು. ಎಲ್ಲರಿಗೂ ಅವರವರ ಕಾರಣ ಇದ್ದವು.

ಎರಡು ದಿನ ಬಿಟ್ಟು, ನಾವು ಊಟಕ್ಕೆ ಕೂತಾಗ, ಯಾರೂ ಹತ್ತಿರ ಇಲ್ಲದ ನನ್ನ ಪ್ರೆಸ್ ತನ್ನಷ್ಟಕ್ಕೆ ತಾನೇ ಒಮ್ಮೆ ಢಣ್ ಅಂತ ಬಡಿಯಿತು. ಸ್ವಿಚ್ ಆರಿಸಿರಲಿಲ್ಲ, ಚಕ್ರ ತಿರುಗುತ್ತಲೇ ಇತ್ತು, ಅದು ನಿಜ. ಆದರೆ ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ರೊಟ್ಟಿ ಕೈಯಲ್ಲೇ ಉಳಿಯಿತು. ಒಳಗಿನ ಸ್ಪ್ರಿಂಗ್ ಸವೆದಿದೆ ಅಂತ ಸೇಠ ಹೊಸದು ಹಾಕಿಸಿದ. ಶರಣಪ್ಪ ಮಾತ್ರ ಪಿಸುಗುಟ್ಟಿದ: "ಪ್ರಾರ್ಥನಾ ನಿಂತಿತು, ಮಷಿನ್ ಎದ್ದಿತು."

ಅಲ್ಲಿಂದ ಶುರುವಾಯಿತು ನಮ್ಮ ಕಟ್ಟುವಿಕೆ. ಒಬ್ಬ ಲಿಂಬೆ ಮೆಣಸಿನಕಾಯಿ ತಂದು ತೂಗುಹಾಕಿದ. ಒಬ್ಬ ಗುಡಿಯ ಅರಿಶಿನ ಭಂಡಾರ ಹಚ್ಚಿದ. ನಾನೇನು ಕಡಿಮೆ? ದರ್ಗಾದಿಂದ ದಾರ ತಂದು ಪ್ರೆಸ್ಸಿನ ಕುತ್ತಿಗೆಗೆ ಕಟ್ಟಿದೆ. ಸೇಠ ಕಾಕಾನನ್ನು ಕರೆದು ಕೈಮುಗಿದ, ಆಮೇಲೆ ದಬಾಯಿಸಿದ: "ಪ್ರೇಯರ್ ಕರೋ ಕಾಕಾ, ಆದ್ಮೀ ಲೋಗ್ ಡರ್ ರಹೇ ಹೈಂ," ಆಳುಗಳು ಹೆದರುತ್ತಿದ್ದಾರೆ ಅಂತ. ಕಾಕಾ ತಲೆ ಅಲ್ಲಾಡಿಸಿ ಹೊರಗೆ ಬಂದರು. ನಮ್ಮ ಲಿಂಬೆ, ಭಂಡಾರ, ದಾರ ಎಲ್ಲ ಒಂದು ಸುತ್ತು ನೋಡಿದರು.

"ಎಲ್ಲಾ ಕಟ್ಟೀರಲ್ಲೋ," ಅಂದರು. "ಬಿಚ್ಚಬೇಕಾದ್ದು ಮಾತ್ರ ಬಿಚ್ಚಿಲ್ಲ."

ಆ ಭಾನುವಾರ ನಾನು ಲಗ್ನದ ಬಟ್ಟೆಗೆ ದಾದರ್‌ಗೆ ಹೊರಟಿದ್ದೆ. ಕಾಂದಿವಲಿ ಸ್ಟೇಷನ್ನಿನಲ್ಲಿ ಕಾಕಾ ಸಿಕ್ಕರು. ಅವರ ಕನ್ನಡ ಪ್ರಾರ್ಥನೆಯೂ ದಾದರ್ ಕಡೆಗೇ. ಒಂದು ಚರ್ಚಿನಲ್ಲಿ ಬೆಳಗ್ಗೆ ಮರಾಠಿಯವರದು ಮುಗಿದ ಮೇಲೆ ಇವರಿಗೆ ಮಧ್ಯಾಹ್ನ ಜಾಗ ಕೊಡುತ್ತಿದ್ದರು. ಲೋಕಲ್ಲಿನ ಬಾಗಿಲ ಹತ್ತಿರ ಇಬ್ಬರೂ ನಿಂತೆವು. ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ಕಾಕಾ ಹಳಿಯ ಪಕ್ಕದ ಒಂದು ಸಿಗ್ನಲ್ ಕಂಬ ತೋರಿಸಿದರು.

"ಅಲ್ಲಿ ನಿಂತಿದ್ದೆ ನಾನು. ಕೈ ಹೋದ ಮ್ಯಾಲ."

ನಾನು ಬಾಗಿಲಿನಿಂದ ಬಗ್ಗಿ, ಹಿಂದೆ ಸರಿಯುತ್ತಿದ್ದ ಕಂಬ ನೋಡಿದೆ.

"ಗಾಡಿ ಬಂದ್ವು, ಹೋದ್ವು. ಮುಂದಿಂದಕ್ಕ ಬೀಳಮು, ಮುಂದಿಂದಕ್ಕ ಬೀಳಮು ಅನ್ಕೋತ ನಿಂತಿದ್ದೆ. ಹಳಿ ದಾಟ್ಕೋತ ಒಬ್ಬಾಕಿ ನಮ್ಮ ಕಡೀ ಮುದುಕಿ ಬಂದ್ಳು. ಯಾರ ಮಗನೋ ನೀ, ಇಲ್ಲೇನ್ ಮಾಡ್ಲಕತ್ತಿ ಅಂತ ಕನ್ನಡದಾಗ ಬೈದ್ಳು ನೋಡು, ನನ್ನವ್ವ ಬೈದಂಗ ಆಯ್ತು. ರಟ್ಟಿ ಹಿಡ್ದು ತನ್ನ ಖೋಲಿಗಿ ಕರ್ಕೊಂಡ್ ಹೋದ್ಳು. ಅಲ್ಲಿ ಅವತ್ತ ಪ್ರಾರ್ಥನಾ ಕೂಟ."

ಇವರ ಕೂಟದಲ್ಲಿ ಸಾಕ್ಷಿ ಹೇಳುವುದು ಅಂತ ಒಂದು ಪದ್ಧತಿ. ಒಬ್ಬೊಬ್ಬರೇ ಎದ್ದು ನಿಂತು ಈ ವಾರ ದೇವರು ತಮಗೆ ಏನು ಮಾಡಿದ ಅಂತ ಎಲ್ಲರ ಮುಂದೆ ಹೇಳಬೇಕು. ಒಬ್ಬರಿಗೆ ಜ್ವರ ಬಿಟ್ಟಿತ್ತು, ಒಬ್ಬರ ಮಗಳಿಗೆ ವರ ಸಿಕ್ಕಿತ್ತು. ಸರದಿ ಕಾಕಾನಿಗೆ ಬಂತಂತೆ. ಹುಟ್ಟು ಕ್ರಿಸ್ತಾನರಾದರೂ ಎಷ್ಟೋ ವರ್ಷದಿಂದ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಎದ್ದು ನಿಂತು, ಬ್ಯಾಂಡೇಜಿನ ಕೈ ಎತ್ತಿ ತೋರಿಸಿ, "ನನಗ ಅವ ಏನೂ ಮಾಡಿಲ್ಲ" ಅಂದರಂತೆ.

"ಹೊರಗ ಹಾಕ್ತಾರ ಅನ್ಕೊಂಡೆ. ಅಯ್ಯನೋರು ಏನಂದ್ರು ಗೊತ್ತೇನು? ದೇವರಿಗಿ ಸ್ತೋತ್ರ, ಕೂಡ್ರಿ, ಮುಂದಿನ ವಾರ ಬಂದು ಮುಂದಿಂದು ಹೇಳ್ರಿ ಅಂದ್ರು. ಮುಂದಿನ ವಾರ ಹೇಳಬೇಕಂದ್ರ ಅಲ್ಲಿ ತನಕ ಇರಬೇಕಲ್ಲೋ ಲಾಲ್ಯಾ! ಹೋದೆ. ಆ ವಾರನೂ ಏನೂ ಇಲ್ಲ ಅಂದೆ. ಮತ್ತ ಕೂಡ್ರಿ ಅಂದ್ರು. ಹಂಗೇ ಭಾಳ ವಾರ ನಡೀತು. ಒಂದು ದಿನ ಎದ್ದು, ಇವತ್ತ ಎಡಗೈಲಿ ಅಂಗಿ ಗುಂಡಿ ಹಾಕ್ಕೊಂಡೆ ಅಂದೆ. ಎಲ್ಲರೂ ಚಪ್ಪಾಳಿ ಹೊಡೆದ್ರು. ನಾನೂ ಅತ್ತೆ, ಮುದುಕಿನೂ ಅತ್ಲು."

ಗಾಡಿಯ ಗಾಳಿಗೆ ಅವರ ಇಸ್ತ್ರಿ ಅಂಗಿ ಪಟಪಟ ಅನ್ನುತ್ತಿತ್ತು. ನನ್ನ ಕಣ್ಣು ತುಂಬಿ ಬಂತು, ಧೂಳು ಬಿತ್ತು ಅಂತ ಒರಸಿಕೊಂಡೆ. ದಾದರ್‌ನಲ್ಲಿ ಇಳಿಯುವಾಗ ಅವರು, "ಬೆರಳು ಕೊಡಲಿಲ್ಲಪ್ಪ ಅವ, ಮುಂದಿನ ವಾರ ಕೊಟ್ಟ. ಅದನ್ನ ಇಟ್ಕೊಂಡೇ ಇಲ್ಲೀ ತನ ಬಂದೀನಿ" ಅಂದರು. ಆಮೇಲೆ ಮುಖ ಗಂಟಿಕ್ಕಿದರು. "ಆ ಪ್ರೆಸ್ ನೋಡಿದ್ರ ನಿದ್ದಿ ಬರೋದಿಲ್ಲ ನನಗ."

ಸೋಮವಾರ ಬೆಳಗ್ಗೆ ಮೇನ್ ಸ್ವಿಚ್ ಹಾಕಿಯಾಗಿತ್ತು. ನಾನು ರಬ್ಬರ್ ಬಿಗಿದು ಸ್ಟೂಲಿನ ಮೇಲೆ ಕೂತಿದ್ದೆ. ಕಾಕಾ ಬಂದರು. ಚಪ್ಪಲಿ ಬಿಟ್ಟು ಬಂದಿದ್ದರು. ಶರಣಪ್ಪ ಖುಷಿಯಿಂದ, "ಬಂದ್ರು, ಪ್ರಾರ್ಥನಾ ಬಂತು!" ಅಂದ. ಕಾಕಾ ನನ್ನ ಪ್ರೆಸ್ಸಿನ ಮುಂದೆ ನಿಂತರು. ಈ ಸಲ ಬಲಗೈ ಮೇಲೆ ಇಡಲಿಲ್ಲ. ಇಡೀ ಐದು ಬೆರಳಿದ್ದ ಎಡಗೈಯನ್ನು ಕಬ್ಬಿಣದ ಕೆಳಗೆ, ಡಾಯಿಯ ನಡುವೆ ಇಟ್ಟರು.

"ಕಾಕಾ!"

"ಕರ್ತನೇ," ಅಂದರು ಕಣ್ಣು ಮುಚ್ಚಿ, "ಇಲ್ಲಿ ಕೂಡೋ ಮಗನ ಕೈ ಕಾಯಿ. ಮುಂಜಾನಿ ಹ್ಯಾಂಗ ಬಂದಾನೋ ಸಂಜಿಗಿ ಹಂಗೇ ಮನಿಗಿ ಕಳಿಸು. ಆಮೆನ್." ಕಣ್ಣು ತೆರೆದರು. "ಪ್ರಾರ್ಥನಾ ಆಯ್ತು. ಒತ್ತು."

ಯಾರೂ ಮುಟ್ಟದೆ ಒಮ್ಮೆ ಬಡಿದ ಮಷಿನ್ ಅದು. ಒತ್ತುವ ಮಾತಿರಲಿ, ಉಸಿರು ಬಿಟ್ಟರೂ ಇಳಿದೀತು ಅನ್ನಿಸಿತು.

"ಕೈ ತಗೀರಿ ಕಾಕಾ, ನಿಮ್ಮ ಕಾಲಿಗೆ ಬೀಳ್ತೀನಿ."

"ಯಾಕ? ಏನಾಗ್ತದ? ಪ್ರಾರ್ಥನಾ ಮಾಡೀನಲ್ಲ."

ಓಡಿ ಹೋಗಿ ಸ್ವಿಚ್ ಆರಿಸಿದೆ. ಸ್ವಿಚ್ ಆರಿಸಿದರೆ ಪ್ರೆಸ್ಸಿನ ದೊಡ್ಡ ಚಕ್ರ ಎಲ್ಲಿ ಒಮ್ಮೆಲೆ ನಿಲ್ಲುತ್ತದೆ? ತಿರುಗುತ್ತಲೇ ಇತ್ತು. ಅದು ನಿಲ್ಲುವ ತನಕ ಕಾಕಾ ಕೈ ತೆಗೆಯಲಿಲ್ಲ. ಗಾಳಾದೊಳಗೆ ಚಕ್ರದ ಸುಂಯ್ ಅನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಹಲ್ಲಿನಿಂದ ಕಚ್ಚಿ ರಬ್ಬರ್ ಹರಿದೆ. ನನ್ನನ್ನು ನೋಡಿ ಬೇರೆಯವರೂ ಹರಿದರು. ಶರಣಪ್ಪ ಎಲ್ಲರಿಗಿಂತ ಕೊನೆಗೆ.

ಆಮೇಲೆ ಕಾಕಾ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಚಹಾದ ಗ್ಲಾಸು ಹಿಡಿಯಲಿಕ್ಕೂ ಆ ಎಡಗೈಗೆ ಆಗಲಿಲ್ಲ. ನಾನೇ ಕುಡಿಸಿದೆ.

"ಇಷ್ಟು ಅಂಜಿಕಿ ಇತ್ತಂದ್ರ ಯಾಕ ಇಟ್ರಿ? ನಿಮ್ಮ ದೇವ್ರ ಮ್ಯಾಲ ನಂಬಿಕಿ ಇರಲಿಲ್ಲೇನು?"

"ಅವನ ಮ್ಯಾಲ ಇತ್ತೋ," ಅಂದರು. "ನಿನ್ನ ಮ್ಯಾಲ ಇರಲಿಲ್ಲ."

ಅವರೇ ಮುಂದುವರಿದು, "ಹಿಂಗ ಮಾಡಬಾರದಿತ್ತು. ಅವನನ್ನ ಪರೀಕ್ಷಾ ಮಾಡಿದಂಗ ಆಯ್ತು. ಕ್ಷಮಾ ಕೇಳ್ಕೋತೀನಿ ಅವನ ಹತ್ರ" ಅಂದು ಕಣ್ಣು ಒರಸಿಕೊಂಡರು.

ಆ ವಾರ ಎಲ್ಲರೂ ಎರಡೂ ಕೈಯಿಂದ ಒತ್ತಿದೆವು. ಮುಚ್ಚಳ ಕಡಿಮೆ ಬಿದ್ದವು. ಸೇಠ ದಿನಾ ಸಂಜೆ ಬುಟ್ಟಿ ನೋಡಿ ಸುಮ್ಮನೆ ಹೋಗುತ್ತಿದ್ದ. ಅವನು ಸುಮ್ಮನಿದ್ದದ್ದೇ ನನಗೆ ಸರಿ ಕಾಣಲಿಲ್ಲ. ಮುಂದಿನ ಸೋಮವಾರ ಬಂದು ನೋಡಿದರೆ ಎಲ್ಲ ಮಷಿನಿಗೂ ಒಂದೇ ಗುಂಡಿ! ಭಾನುವಾರ ಯಾರೂ ಇಲ್ಲದಾಗ ವೈರಿಂಗ್ ಮಾಡುವವನನ್ನು ಕರೆಸಿ ಎಡಗಡೆಯದನ್ನು ತೆಗೆಸಿ ಆ ಜಾಗಕ್ಕೆ ತಗಡು ಹೊಡೆಸಿದ್ದ. ಈಗ ಬಿಚ್ಚಲಿಕ್ಕೆ ರಬ್ಬರ್ ಕೂಡ ಇಲ್ಲ.

ಕಾಕಾ ಆ ತಗಡಿನ ಮೇಲೆ ಕೈ ಆಡಿಸಿದರು. ಸೇಠನ ಕ್ಯಾಬಿನ್ನಿಗೆ ಹೋದರು. ಏನು ಮಾತಾಯಿತೋ, ಹೊರಗೆ ಬಂದು ಮೊಳೆಯಿಂದ ಚೀಲ ತೆಗೆದರು.

"ನಾ ಹೊಂಟೀನಿ ಲಾಲ್ಯಾ," ಅಂದರು. "ನೀ?"

ಅಷ್ಟೇ ಕೇಳಿದ್ದು. ಉಪದೇಶ ಇಲ್ಲ, ದೇವರ ಮಾತಿಲ್ಲ. ನನಗೆ ನಿಖಾದ ಖರ್ಚು ನೆನಪಾಯಿತು, ಊರಲ್ಲಿ ಬೀಗರು ನೆನಪಾದರು. ಒಂದೇ ಗುಂಡಿಯ ಆ ಮಷಿನ್ ಬಾಯಿ ತೆರೆದುಕೊಂಡು ಕೂತಿತ್ತು. ಎದ್ದೆ. ಶರಣಪ್ಪನ ಕೈ ಹಿಡಿದು, "ನಡಿ, ನೀನೂ ಬಾ" ಅಂದೆ.

"ನನಗ ಎಲ್ಲಿ ಆಗ್ತದೋ, ಮಗಳ ಸಾಲಿ ಅದ. ನೀ ಹೋಗು, ಮದುಮಗ. ನಿನಗ ಕೈ ಬೇಕಾಗ್ತಾವ," ಅಂತ ಕಣ್ಣು ಹೊಡೆದ. ಎಲ್ಲರೂ ನಕ್ಕರು. ನಾನು ಬಾಗಿಲು ದಾಟುವಾಗ ತಿರುಗಿ ನೋಡಿದೆ. ನನ್ನ ಸ್ಟೂಲಿನ ಮೇಲೆ ಅವನು ಕೂತಿದ್ದ, ನನ್ನ ಪ್ರೆಸ್ಸಿನಲ್ಲಿ ಕೆಲಸ ಜಾಸ್ತಿ, ಕೂಲಿಯೂ ಜಾಸ್ತಿ.

ಮೂರ್ನಾಲ್ಕು ದಿನ ಕಾಕಾ ಮತ್ತು ನಾನು ಎಸ್ಟೇಟಿನಲ್ಲಿ ಗಾಳಾದಿಂದ ಗಾಳಾಕ್ಕೆ ಅಲೆದೆವು. ಎಲ್ಲಿ ಹೋದರೂ ಕಾಕಾ ಮೊದಲು ಮಷಿನಿನ ಹತ್ತಿರ ಹೋಗಿ ಗುಂಡಿ ನೋಡುವುದು. "ಕೆಲಸ ಕೇಳಾಕ ಬಂದೀರೋ, ತಪಾಸಣಾ ಮಾಡಾಕ ಬಂದೀರೋ?" ಅಂತ ನಾನು ಸಿಡುಕಿದೆ. ಅವರು ನಕ್ಕು, "ಇವತ್ತ ಕೆಲಸ ಇಲ್ಲ, ಹೌದಲ್ಲ? ನಾಳಿ ನೋಡಮು" ಅಂದರು. ಅವರ ಜೊತೆ ಖಾಲಿ ಹೊಟ್ಟೆಯಲ್ಲಿ ಅಲೆದರೂ ಯಾಕೋ ದಿಕ್ಕು ತಪ್ಪಿದ ಹಾಗೆ ಅನ್ನಿಸಲಿಲ್ಲ.

ಗುರುವಾರ ಮಧ್ಯಾಹ್ನ ನನ್ನ ಫೋನ್ ಹೊಡೆಯಿತು. ಗಾಳಾದವನೊಬ್ಬ. ಹಿಂದೆ ಒಂದು ಮಷಿನಿನ ಸದ್ದೂ ಇಲ್ಲ. ಅವನು ಮಾತಾಡುವ ಮೊದಲೇ ಯಾರ ಕೈ ಹೋಯಿತು ಅಂತ ನನಗೆ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಶರಣಪ್ಪನನ್ನು ಆಪರೇಷನ್ ಮುಗಿಸಿ ವಾರ್ಡಿಗೆ ತಂದು ಮಲಗಿಸಿದ್ದರು. ಅರಿವಳಿಕೆಯ ಅಮಲು ಇಳಿದಿರಲಿಲ್ಲ. ಎಡಗೈ ಹತ್ತಿ ಬಟ್ಟೆಯ ಒಂದು ಗಂಟಾಗಿತ್ತು, ಆ ಗಂಟು ಎಷ್ಟು ಸಣ್ಣದಿತ್ತು ಅಂದರೆ ನಾನು ಮುಖ ತಿರುಗಿಸಿದೆ. ಇನ್ನು ಮೂರು ದಿನ ನಾನು ಆ ಸ್ಟೂಲಿನ ಮೇಲೆ ಕೂತಿದ್ದರೆ ಅದು ನನ್ನ ಕೈ. ಕಾಕಾ ಹಾಸಿಗೆಯ ಪಕ್ಕ ಕೂತರು. ಪ್ರಾರ್ಥನೆ ಮಾಡಿದರೋ ಇಲ್ಲವೋ, ತುಟಿ ಅಲ್ಲಾಡಿದ್ದು ನನಗೆ ಕಾಣಲಿಲ್ಲ. ಶರಣಪ್ಪನ ರೆಪ್ಪೆ ಮಿಸುಕಿದಾಗ ಅವರು ಕುರ್ಚಿ ಮುಂದೆ ಎಳೆದುಕೊಂಡು, ತಮ್ಮ ಬಲಗೈಯನ್ನು ಅವನ ಮುಖದ ಮುಂದೆ, ದಿಂಬಿನ ಮೇಲೆ ಇಟ್ಟರು.

"ಕಾಕಾ, ಆ ಕೈ ತಗೀರಿ," ಅಂದೆ ಮೆಲ್ಲಗೆ. "ಮೊದಲ ಅದನ್ನ ನೋಡಿದ್ರ ಅಂವ ಅಂಜತಾನ."

"ಅಂಜಲಿ," ಅಂದರು. "ಕಣ್ಣು ತೆರದ ಕೂಡ್ಲೆ ತನ್ನ ಕೈ ಹುಡುಕ್ತಾನ ಅಂವ. ಅದಕ್ಕಿಂತ ಮೊದಲ ಇದನ್ನ ನೋಡ್ಲಿ. ಇಂಥಾ ಕೈ ಇಟ್ಕೊಂಡು ಒಬ್ಬ ಬದುಕಿ ಮುದುಕ ಆಗ್ಯಾನ ಅಂತ ಗೊತ್ತಾಗ್ಲಿ."

ಶರಣಪ್ಪ ಕಣ್ಣು ತೆರೆದ.